ಹಾಕಿಸಿಕೊಂಡ ಹಲ್ಲಿನ ಬಾಳಿಕೆ

ಹಲ್ಲಿನ ಡಾಕ್ಟರ ಮುಂದೆ ಕೂತವರು ಬಾಯಿ ತೆರೆದುಕೊಂಡೇ ಇರುತ್ತಾರೆ, ಮಾತಾಡಲಾರರು. ಹಾಗಾಗಿ ಈ ಕಸುಬಿನಲ್ಲಿ ತಮಾಷೆಗೆ ಜಾಗವೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ತಮಾಷೆ ನಡೆಯುವುದು ಬಾಯಿ ತೆರೆಯುವುದಕ್ಕೆ ಮುಂಚೆ ಮತ್ತು ಮುಚ್ಚಿದ ಮೇಲೆ. ಅದು ನಿಂತ ದಿನವೇ ಇಲ್ಲ.

ನಾನು ಬೆಳಗ್ಗೆ ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ, ಸಂಜೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಎರಡು ಊರಿನ ಜನರಿಗೂ ಮಾತು ಬೇರೆ, ಊಟ ಬೇರೆ, ಆದರೆ ಹಲ್ಲು ಹಾಕಿಸಿಕೊಂಡು ಕುರ್ಚಿಯಿಂದ ಏಳುವಾಗ ಕೇಳುವ ಪ್ರಶ್ನೆ ಮಾತ್ರ ಒಂದೇ: "ಎಷ್ಟು ವರ್ಷ ಬರುತ್ತೆ ಮೇಡಂ?" ನನ್ನ ಉತ್ತರವೂ ಒಂದೇ: "ನೀವು ನೋಡ್ಕೊಂಡಷ್ಟು ವರ್ಷ." ಈ ಉತ್ತರ ಯಾರಿಗೂ ಇಷ್ಟವಾಗಿಲ್ಲ. ನೋಡಿಕೊಳ್ಳುವುದು ಅಂದರೆ ಏನು ಎಂಬುದನ್ನು ಒಬ್ಬೊಬ್ಬರೂ ಒಂದೊಂದು ರೀತಿ ಅರ್ಥ ಮಾಡಿಕೊಂಡಿದ್ದಾರೆ.

ಸ್ಪೇರ್ ಪಾರ್ಟು

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದ ಹಿರಿಯರೊಬ್ಬರು. ವಯಸ್ಸು ಎಪ್ಪತ್ತು ದಾಟಿತ್ತು. ದವಡೆ ಹಲ್ಲು ಅರ್ಧ ಕರಗಿ ಹೋಗಿತ್ತು, ನೋವು ತಡೆಯಲಾರದೆ ಬಂದಿದ್ದರು. ರೂಟ್ ಕೆನಾಲ್ ಮುಗಿಸಿ, "ಇದರ ಮೇಲೊಂದು ಕ್ಯಾಪ್ ಹಾಕ್ಬೇಕು" ಎಂದೆ.

"ಎಷ್ಟು ವರ್ಷ ಬರುತ್ತೆ?"

"ಸರಿಯಾಗಿ ತೊಳ್ಕೊಂಡು ಇಟ್ಕೊಂಡ್ರೆ ಹತ್ತು ಹದಿನೈದು ವರ್ಷ ಎಲ್ಲೂ ಹೋಗಲ್ಲ."

ಅವರು ಚಾವಣಿ ನೋಡುತ್ತಾ ಬೆರಳು ಮಡಚಿ ಲೆಕ್ಕ ಹಾಕಿದರು. "ಬೇಡ" ಎಂದರು.

"ಯಾಕೆ ಸಾರ್?"

"ಜೀವಮಾನ ಪೂರ್ತಿ ಸ್ಟೋರಲ್ಲಿ ಕೆಲಸ ಮಾಡಿದೀನಿ ಕಣಮ್ಮ. ಮೆಷಿನ್ನಿಗಿಂತ ಸ್ಪೇರ್ ಪಾರ್ಟು ಜಾಸ್ತಿ ಬಾಳಿದ್ರೆ ಅದು ವೇಸ್ಟು. ಹದಿನೈದು ವರ್ಷ ಈ ಮೆಷಿನ್ ಎಲ್ಲಿರುತ್ತೆ? ಕಮ್ಮಿ ಬಾಳೋದು ಏನಾದ್ರೂ ಇದ್ರೆ ಹಾಕು."

ಕ್ಯಾಪ್ ಇಲ್ಲದೆ ಬರೀ ಸಿಮೆಂಟ್ ತುಂಬಬಹುದು, ಆದರೆ ಹಲ್ಲಿನ ಇಷ್ಟು ದೊಡ್ಡ ಭಾಗ ಹೋಗಿರುವಾಗ ಅದು ಬೇಗ ಬಿಟ್ಟುಕೊಳ್ಳುತ್ತದೆ ಎಂದೆ. "ಎಷ್ಟು ಬೇಗ?" ಎಂದರು. "ನಾಲ್ಕೈದು ವರ್ಷ ಬಂದ್ರೆ ಪುಣ್ಯ" ಎಂದೆ. ಅವರ ಮುಖ ಅರಳಿತು. "ಅದೇ ನನ್ನ ಸೈಜು" ಎಂದು ಸಿಮೆಂಟ್ ತುಂಬಿಸಿಕೊಂಡು ಹೋದರು.

ಆ ಸಿಮೆಂಟ್ ನಾನು ಹೇಳಿದಷ್ಟೇ ಬಾಳಿತು. ಅವರು ಬಂದರು, ನಾನು ಮತ್ತೆ ಕ್ಯಾಪ್ ವಿಷಯ ಎತ್ತಿದೆ, ಅವರು ಮತ್ತೆ ಬೇಡ ಎಂದರು. ಎರಡನೇ ಸಿಮೆಂಟೂ ತುಂಬಿದ್ದಾಯಿತು. ಅದು ಕೂಡ ಉದುರಿದ ಮೇಲೆ, ಹೋದ ವರ್ಷ ಮತ್ತೆ ಬಂದರು. ಮಗನ ಸ್ಕೂಟರಿನ ಹಿಂದೆ ಕೂತು ಬಂದು, ಮೆಟ್ಟಿಲು ತಾವೇ ಹತ್ತಿದರು. ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮುಂಚೆ ಕೈ ಎತ್ತಿ ನನ್ನನ್ನು ತಡೆದರು.

"ಈ ಸಲ ಸಿಮೆಂಟ್ ಬೇಡ. ನಿನ್ನ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಗಟ್ಟಿ ಕ್ಯಾಪ್ ಯಾವ್ದೋ ಅದನ್ನ ಹಾಕು."

"ಯಾಕೆ ಸಾರ್, ಈಗ ಮನಸ್ಸು ಬದಲಾಯ್ತು?"

"ನನ್ನ ಬಗ್ಗೆ ನನಗೇ ಅನುಮಾನ ಬಂದಿದೆ" ಎಂದರು. "ಈ ಮೆಷಿನ್ ನಿಲ್ಲೋ ಹಂಗೆ ಕಾಣ್ತಿಲ್ಲ."

ಎರಡು ಟ್ಯೂಬಿನ ಗಮ್ಮು

ಓಲ್ಡ್ ಟೌನಿನಲ್ಲಿ ನನ್ನ ಕ್ಲಿನಿಕ್ಕಿನಿಂದ ಸ್ವಲ್ಪ ಮುಂದೆ ಒಂದು ಗ್ಯಾರೇಜಿದೆ. ಅದರ ಮೆಕ್ಯಾನಿಕ್‌ಗೆ ಕೆಳದವಡೆಯಲ್ಲಿ ಒಂದು ಕ್ಯಾಪ್ ಹಾಕಿದ್ದೆ. ಹಾಕುವಾಗಲೇ ಹೇಳಿದ್ದೆ, ಆ ಹಲ್ಲಲ್ಲಿ ವೈರ್ ಸುಲಿಯಬಾರದು, ಸೋಡಾ ಬಾಟಲಿ ತೆಗೆಯಬಾರದು, ಅಂಟು ಮಿಠಾಯಿ ತಿನ್ನಬಾರದು. ಅವನು ಮೂರಕ್ಕೂ "ಬಿಲ್ಕುಲ್ ಇಲ್ಲ ಮೇಡಂ" ಎಂದಿದ್ದ. ಒಂದು ಸಂಜೆ ದವಡೆ ಒಂದು ಕಡೆ ವಾಲಿಸಿಕೊಂಡು ಬಂದ.

"ಮೇಡಂ, ಒಂದು ಸಣ್ಣ ಕೆಲಸ. ಮೇಲಿನ ಹಲ್ಲು ಸ್ವಲ್ಪ ತೇದು ಕೊಡಿ. ಕೆಳಗಿನ ಕ್ಯಾಪಿಗೆ ಅಡ್ಡ ಬರ್ತಿದೆ."

"ಇಷ್ಟು ದಿನ ಬರದೇ ಇದ್ದಿದ್ದು ಈಗ ಯಾಕೆ ಅಡ್ಡ ಬಂತು?"

ಬಾಯಿ ತೆರೆಸಿ ನೋಡಿದರೆ, ಕ್ಯಾಪ್ ಹಿಂದುಮುಂದಾಗಿ ಕೂತಿತ್ತು. ಕೆನ್ನೆಯ ಕಡೆ ಇರಬೇಕಾದ್ದು ನಾಲಿಗೆಯ ಕಡೆ. ಸುತ್ತಲೂ ಬೂದು ಬಣ್ಣದ ಗಟ್ಟಿ ಅಂಚು. ವಾಸನೆ ನೋಡಿದರೆ ಪೆಟ್ರೋಲ್ ಟ್ಯಾಂಕಿಗೆ ಮೂತಿ ಇಟ್ಟ ಹಾಗಿತ್ತು.

"ಏನು ಹಚ್ಚಿದೀಯಾ?"

"ಅರೆ ಮೇಡಂ, ಕ್ಯಾಪ್ ಬಿಟ್ಟೋಯ್ತು. ನೀವು ಶಿವಮೊಗ್ಗದಲ್ಲಿದ್ರಿ. ಗ್ಯಾರೇಜಲ್ಲಿ ಎರಡು ಟ್ಯೂಬಿನ ಗಮ್ಮಿತ್ತು, ರೇಡಿಯೇಟರಿಗೆ ಹಚ್ತೀವಲ್ಲ ಅದು. ಎರಡೂ ಕಲಸಿ, ಸೈಡ್ ಮಿರರ್ ನೋಡ್ಕೊಂಡು ಕೂರಿಸ್ದೆ. ಮಿರರಲ್ಲಿ ಎಡಬಲ ಸ್ವಲ್ಪ ಮಿಸ್ಟೇಕ್ ಆಯ್ತು. ಅಷ್ಟು ಬಿಟ್ರೆ ಪಕ್ಕಾ ಕೂತಿದೆ."

ಒಸಡು ಸುಟ್ಟ ಹಾಗೆ ಕೆಂಪಾಗಿತ್ತು. ಬಿಟ್ಟರೆ ಒಳಗಿನ ಹಲ್ಲೇ ಕೊಳೆಯುತ್ತದೆ, ತೆಗೆಯಲೇಬೇಕು ಎಂದೆ. ಅವನಿಗೆ ಮನಸ್ಸಿರಲಿಲ್ಲ. "ಇದು ಬರಲ್ಲ ಮೇಡಂ" ಎಂದ, ನನ್ನ ಬಗ್ಗೆ ಕನಿಕರ ಇದ್ದ ಹಾಗೆ.

ಮೊದಲು ಇಕ್ಕಳದಲ್ಲಿ ನೋಡಿದೆ. ಆಮೇಲೆ ಕ್ಯಾಪ್ ಕೀಳುವ ಸುತ್ತಿಗೆಯಂಥ ಸಾಧನದಲ್ಲಿ ತಟ್ಟಿದೆ. ಒಂದೊಂದು ಪೆಟ್ಟಿಗೂ ಅವನ ಕಣ್ಣಲ್ಲಿ ಮಿಂಚು, ನೋವಿಗಲ್ಲ, ಹೆಮ್ಮೆಗೆ. ಕೊನೆಗೆ ಡ್ರಿಲ್ಲಿನಿಂದ ಕ್ಯಾಪನ್ನೇ ಸೀಳಿ ತುಂಡು ಮಾಡಿ ತೆಗೆದೆ. ಅಷ್ಟು ಹೊತ್ತಿಗೆ ನನ್ನ ಹಣೆ ಬೆವತಿತ್ತು.

ಅವನು ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಟ್ರೇಯಲ್ಲಿದ್ದ ತುಂಡುಗಳನ್ನು ನೋಡಿ ಹೇಳಿದ:

"ತೆಗೆಯೋಕೆ ಇಷ್ಟು ಕಷ್ಟ ಪಟ್ರಲ್ಲ ಮೇಡಂ. ಈ ಕಷ್ಟಾನ ಹಾಕುವಾಗ್ಲೇ ಪಟ್ಟಿದ್ರೆ ನಾನು ಯಾಕೆ ಗಮ್ಮಿನ ತಂಟೆಗೆ ಹೋಗ್ತಿದ್ದೆ?"

ಡ್ಯೂಟಿ

ಇದು ಶಿವಮೊಗ್ಗದ್ದು, ಚಿಕ್ಕದು. ಒಬ್ಬರು ಅಡಿಕೆ ವ್ಯಾಪಾರಿ, ಮುಂದಿನ ಹಲ್ಲಿಗೆ ಪಿಂಗಾಣಿ ಕ್ಯಾಪ್ ಹಾಕಿಸಿಕೊಂಡಿದ್ದರು. ನೋಡಲು ಚೆಂದ, ಆದರೆ ಗಟ್ಟಿ ಪದಾರ್ಥ ಕಚ್ಚಿದರೆ ಚಕ್ಕೆ ಏಳುತ್ತದೆ. ಅದಕ್ಕೇ "ಅಡಿಕೆ ಮಾತ್ರ ಮುಟ್ಟಬೇಡಿ" ಎಂದಿದ್ದೆ. "ನಾನು ಮಾರೋದಷ್ಟೇ ಮೇಡಂ, ಎಲೆಯಡಿಕೆ ಚಟವೇ ಇಲ್ಲ" ಎಂದಿದ್ದರು. ನಿಜ, ಅವರ ಹಲ್ಲಿನ ಮೇಲೆ ಒಂದು ಕಲೆಯೂ ಇರಲಿಲ್ಲ.

ಕೆಲವೇ ತಿಂಗಳಲ್ಲಿ ಕ್ಯಾಪ್ ಒಡೆದುಕೊಂಡು ಬಂದರು. ಇನ್ನೊಂದು ಹಾಕಿದೆ. ಅದೂ ಒಡೆಯಿತು. ಲ್ಯಾಬಿನವರ ಜೊತೆ ನಾನು ಜಗಳವಾಡಿದೆ. ಆಮೇಲೊಂದು ದಿನ ಯಾವುದೋ ಕೆಲಸಕ್ಕೆ ಅಡಿಕೆ ಮಂಡಿಯ ಕಡೆ ಹೋದಾಗ ನೋಡುತ್ತೇನೆ, ಇವರು ಚೀಲಗಳ ಸಾಲಿನ ಮುಂದೆ ನಡೆಯುತ್ತಾ ಒಂದೊಂದು ಚೀಲದಿಂದ ಒಂದೊಂದು ಅಡಿಕೆ ತೆಗೆದು ಕಟಕ್ ಎಂದು ಕಚ್ಚಿ, ಒಳಗಿನ ಬಣ್ಣ ನೋಡಿ, ಉಗಿದು ಮುಂದೆ ಹೋಗುತ್ತಿದ್ದಾರೆ. ಉಳಿದವರೆಲ್ಲ ಅಡಕತ್ತರಿಯಲ್ಲಿ ಕತ್ತರಿಸಿ ನೋಡುತ್ತಿದ್ದರು.

"ಅಡಿಕೆ ತಿನ್ನಲ್ಲ ಅಂದಿದ್ರಿ?"

"ಎಲ್ಲಿ ತಿಂದೆ ಮೇಡಂ? ಉಗಿತಾ ಇದೀನಲ್ಲ. ಇದು ತಿನ್ನೋದಲ್ಲ, ಡ್ಯೂಟಿ. ಒಣಗಿದೆಯೋ ಇಲ್ವೋ ಅನ್ನೋದು ಕತ್ತರಿಗೆ ಗೊತ್ತಾಗಲ್ಲ, ಹಲ್ಲಿಗೆ ಗೊತ್ತಾಗುತ್ತೆ."

ಇನ್ನೊಂದು ಸಲ ಒಡೆದರೆ ಹಾಕಲು ಹಲ್ಲೇ ಉಳಿಯುವುದಿಲ್ಲ ಎಂದು ಅಲ್ಲೇ ನಿಂತು ಹೇಳಿದೆ. ಅವರು ಹೆದರಿದರು. ಆಮೇಲೆ ಹಾಕಿದ ಕ್ಯಾಪ್ ಗಟ್ಟಿಯಾಗಿ ನಿಂತಿತು, ವರ್ಷ ಕಳೆದರೂ ಅಲ್ಲಾಡಲಿಲ್ಲ. ಮಾತು ಕೇಳುವ ಒಬ್ಬ ಮನುಷ್ಯನಾದರೂ ಸಿಕ್ಕಿದನಲ್ಲ ಎಂದು ನಾನು ಸಮಾಧಾನದಿಂದಿದ್ದೆ.

ಹೋದ ದೀಪಾವಳಿ ಆದ ಮೇಲೆ ತಮ್ಮ ಭಾಮೈದನನ್ನು ಕರೆದುಕೊಂಡು ಬಂದರು. ಅವನ ಮುಂದಿನ ಹಲ್ಲು ಅಡ್ಡಕ್ಕೆ ಸೀಳಿತ್ತು. ನಾನು ಏನಾಯಿತು ಎಂದು ಕೇಳುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಇವನಿಗೊಂದು ಒಳ್ಳೇ ಕ್ಯಾಪ್ ಹಾಕಿ ಮೇಡಂ. ಆದ್ರೆ ಅಡಿಕೆ ಕಚ್ಚಬಾರದು ಅಂತ ಮಾತ್ರ ಇವನ ಹತ್ರ ಹೇಳಬೇಡಿ."

ಮೂರು ವಿಷಲ್

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಒಬ್ಬ ಅಮ್ಮನಿಗೆ ಪೂರ್ತಿ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದೆ. ಮನೆಯಲ್ಲಿ ಮಗ, ಸೊಸೆ, ಒಂದು ಹಸುಗೂಸು. ಅಮ್ಮನ ದನಿ ದೊಡ್ಡದು, ಉಚ್ಚಾರ ಸ್ಪಷ್ಟ. ಸೆಟ್ಟು ಹಾಕಿಕೊಂಡ ದಿನ ಮೊದಲು ಮಾಡಿದ ಕೆಲಸವೆಂದರೆ ನನ್ನ ಬೋರ್ಡಿನಲ್ಲಿದ್ದ ಮಹಾಪ್ರಾಣದ ತಪ್ಪನ್ನು ತೋರಿಸಿದ್ದು.

ಸೆಟ್ಟನ್ನು ಹೇಗೆ ನೋಡಿಕೊಳ್ಳಬೇಕೆಂದು ಸೊಸೆಗೆ ಹೇಳಿ ಕಳಿಸಿದ್ದೆ. ಊಟವಾದ ಮೇಲೆ ತೆಗೆದು ತೊಳೆಯಬೇಕು, ಮೆತ್ತನೆ ಬ್ರಶ್ಶಿನಲ್ಲಿ ಉಜ್ಜಬೇಕು, ಮಲಗುವಾಗ ನೀರಿನಲ್ಲಿ ಹಾಕಿಡಬೇಕು, ಕ್ರಿಮಿ ಸೇರದ ಹಾಗೆ ಶುದ್ಧವಾಗಿಡಬೇಕು. ಹೀಗೆ ನೋಡಿಕೊಂಡರೆ ಐದಾರು ವರ್ಷ ಚಿಂತೆಯಿಲ್ಲ. ಹುಡುಗಿ ಶ್ರದ್ಧೆಯವಳು. ಕ್ರಿಮಿ ಎಂಬ ಮಾತು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಒಂದು ವಾರಕ್ಕೇ ಓಡಿ ಬಂದಳು. ಕಣ್ಣಲ್ಲಿ ನೀರು. ಕೈಯಲ್ಲಿದ್ದ ಸ್ಟೀಲ್ ಡಬ್ಬಿ ತೆಗೆದು ತೋರಿಸಿದಳು. ಸೆಟ್ಟು ಮುದುರಿಕೊಂಡು ಹಪ್ಪಳವಾಗಿತ್ತು.

"ಏನಮ್ಮ ಮಾಡಿದೆ?"

"ಪಾಪುವಿನ ಬಾಟ್ಲಿ ಕುದಿಸ್ತೀನಲ್ಲ ಮೇಡಂ, ಹಾಗೇ ಕುಕ್ಕರಲ್ಲಿ ಇಟ್ಟೆ. ಮೂರೇ ವಿಷಲ್ ಕೂಗಿಸಿದ್ದು."

ಬಿಸಿನೀರು ತಾಗಿದರೂ ಸೆಟ್ಟು ಸೊಟ್ಟಗಾಗುತ್ತದೆ, ತಣ್ಣೀರೇ ಆಗಬೇಕು ಎಂಬುದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಕುಕ್ಕರಿನವರೆಗೂ ನನ್ನ ಕಲ್ಪನೆ ಹೋಗಿರಲಿಲ್ಲ.

"ಅತ್ತೆ ಏನಂದ್ರು?"

"ಅದೇ ಭಯ ಮೇಡಂ. ಏನೂ ಅಂದಿಲ್ಲ."

ಅನ್ನುವ ಹಾಗೆಯೇ ಇರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಸಕಾರ, ಶಕಾರ ಎಲ್ಲ ಒಂದೇ ಗಾಳಿಯಾಗುತ್ತದೆ. ಜೀವನವಿಡೀ ಮಕ್ಕಳ ಉಚ್ಚಾರ ತಿದ್ದಿದವರು ತಪ್ಪು ಉಚ್ಚಾರದಲ್ಲಿ ಬೈಯುವುದಕ್ಕಿಂತ ಬೈಯದಿರುವುದೇ ಮರ್ಯಾದೆ ಎಂದು ನಿರ್ಧರಿಸಿದ್ದರು. ಹೊಸ ಸೆಟ್ಟಿಗೆ ಅಳತೆ ಕೊಡಲು ಬಂದಾಗಲೂ ತುಟಿ ಬಿಗಿದುಕೊಂಡೇ ಇದ್ದರು. ಅಳತೆ ಮುಗಿಸಿ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ ಮೇಲೆ ಮಗ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಬ್ಯಾಂಕಿನಲ್ಲಿ ಕೆಲಸ, ಮೆತ್ತನೆ ಮನುಷ್ಯ.

"ಎಷ್ಟು ದಿನ ಆಗುತ್ತೆ ಮೇಡಂ?"

"ಒಂದು ವಾರದಲ್ಲಿ ಮಾಡಿಸ್ತೀನಿ. ಪಾಪ, ಅವರಿಗೆ ಕಷ್ಟ."

"ಹಾಗೇನಿಲ್ಲ" ಎಂದು ಅವನು ದನಿ ಇಳಿಸಿದ. "ನಿಧಾನವಾಗಿ ಮಾಡಿ ಮೇಡಂ. ಅವಸರ ಮಾಡಿದ್ರೆ ಅಳತೆ ತಪ್ಪುತ್ತೆ. ಮನೆ ಈಗ ಎಷ್ಟು ಪ್ರಶಾಂತವಾಗಿದೆ ಅಂದ್ರೆ, ಗಡಿಯಾರದ ಸದ್ದು ಕೇಳ್ತಿದೆ."

ನಾನು ಒಂದು ವಾರದಲ್ಲೇ ಮಾಡಿಸಿದೆ. ಅಮ್ಮ ಬಂದು ಕೂತರು, ಪಕ್ಕದಲ್ಲಿ ಮಗ, ಸೊಸೆ. ಸೆಟ್ಟು ಹಾಕಿ, "ಏನಾದ್ರೂ ಮಾತಾಡಿ, ಸರಿಯಾಗಿ ಕೂತಿದೆಯಾ ನೋಡೋಣ" ಎಂದೆ. ಅಮ್ಮ ನಾಲಿಗೆಯಿಂದ ಒಮ್ಮೆ ಎಲ್ಲ ಹಲ್ಲನ್ನೂ ಸವರಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಮಗನ ಕಡೆ ತಿರುಗಿದರು.

"ನನಗೆ ಹಲ್ಲು ಹೋಗಿತ್ತು ಕಣೋ" ಎಂದರು, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. "ಕಿವಿ ಹೋಗಿರ್ಲಿಲ್ಲ."

ಕೋಡುಬಳೆ

ಶಂಕರಘಟ್ಟದಲ್ಲಿ ಪಾಠ ಹೇಳುವ ಒಬ್ಬ ಹುಡುಗ, ಅತಿಥಿ ಉಪನ್ಯಾಸಕ. ಬೈಕಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಮುರಿದುಕೊಂಡು ಭದ್ರಾವತಿಯ ಕ್ಲಿನಿಕ್ಕಿಗೆ ಬಂದಿದ್ದ. ಗಟ್ಟಿ ಕ್ಯಾಪ್ ಲ್ಯಾಬಿನಿಂದ ಬರುವವರೆಗೆ ಇರಲಿ ಎಂದು ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ ಕ್ಯಾಪ್ ಅಂಟಿಸಿದ್ದೆ. ಅದು ಬರೀ ತೋರಿಕೆಗೆ. ಬಾಳಿಕೆ ಕೆಲವೇ ದಿನ, ಅದೂ ಅದರಲ್ಲಿ ಏನನ್ನೂ ಕಚ್ಚದಿದ್ದರೆ.

ಅವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡ. "ಭಾನುವಾರ ಹೆಣ್ಣು ನೋಡೋಕೆ ಹೋಗ್ತಿದೀನಿ ಮೇಡಂ. ಇಲ್ಲೇ ಓಲ್ಡ್ ಟೌನಲ್ಲಿ. ಒಳ್ಳೇ ಮನೆತನ. ಈಗಾಗಲೇ ಎರಡು ಕಡೆ ತಪ್ಪಿಹೋಗಿದೆ."

"ಉಪ್ಪಿಟ್ಟು, ಕೇಸರಿಬಾತು ಕೊಟ್ರೆ ತಿನ್ನಿ."

"ಕೋಡುಬಳೆ ಕೊಟ್ರೆ?"

"ಕೈಯಲ್ಲಿ ಮುರಿದು ಹಿಂದಿನ ಹಲ್ಲಿಗೆ ಹಾಕಿ. ಮುಂದಿನ ಹಲ್ಲಲ್ಲಿ ಕಚ್ಚಿದ್ರೆ ನಾನು ಜವಾಬ್ದಾರಳಲ್ಲ."

ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಫೋನ್ ಬಂತು. ಪಿಸುದನಿ.

"ಮೇಡಂ, ಹೋಯ್ತು."

"ಏನು ಹೋಯ್ತು? ಎಲ್ಲಿದೀರಾ?"

"ಹುಡುಗಿ ಮನೆ ಬಚ್ಚಲಲ್ಲಿದೀನಿ. ಕ್ಯಾಪ್ ಹೋಯ್ತು. ಹುಡುಗಿ ಒಳಗಿಂದ ಬಂದ್ಲು ಮೇಡಂ, ನೋಡ್ತಾ ನೋಡ್ತಾ ಮರೆತು ಕಚ್ಚಿಬಿಟ್ಟೆ."

"ಕ್ಯಾಪ್ ಎಲ್ಲಿದೆ?"

"ಕೋಡುಬಳೆಯಲ್ಲಿದೆ."

"ಕೋಡುಬಳೆ ಎಲ್ಲಿದೆ?"

"ತಟ್ಟೆಯಲ್ಲಿದೆ."

"ತಟ್ಟೆ ಎಲ್ಲಿದೆ?"

"ಅವರ ಅಜ್ಜನ ಮುಂದೆ. ಗಾಬರಿಯಲ್ಲಿ ನನ್ನ ತಟ್ಟೆ ಅಂದ್ಕೊಂಡು ಅವರ ತಟ್ಟೆಯಲ್ಲಿಟ್ಟುಬಿಟ್ಟೆ."

"ಬೇಗ ಹೋಗಿ ಎತ್ಕೊಳ್ಳಿ. ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಒತ್ತಿದ್ರೆ ಒಂದು ಗಂಟೆ ನಿಲ್ಲುತ್ತೆ" ಎಂದೆ. ಅವನು ಫೋನ್ ಇಟ್ಟ. ಸ್ವಲ್ಪ ಹೊತ್ತಿಗೆ ಒಂದು ಮೆಸೇಜು ಬಂತು: ತಟ್ಟೆ ಖಾಲಿ.

ಮಾರನೇ ಸಂಜೆ ಓಲ್ಡ್ ಟೌನಿನ ಕ್ಲಿನಿಕ್ಕಿಗೆ ಮೊದಲು ಬಂದವರು ಬಿಳಿ ಪಂಚೆಯ ಒಬ್ಬ ಅಜ್ಜ. ನನಗೆ ಪರಿಚಯವಿರಲಿಲ್ಲ. ಕೂತು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ಕೊಟ್ಟರು.

"ನನ್ನ ಹಲ್ಲು ಮುರೀತು ಡಾಕ್ಟ್ರೇ. ಯಾವ್ದು ಅಂತ ಗೊತ್ತಾಗ್ತಿಲ್ಲ. ಹುಡುಕಿ ಅಂಟಿಸಿಬಿಡಿ."

ಪೊಟ್ಟಣದಲ್ಲಿ ನಾನೇ ಮಾಡಿದ ಪ್ಲಾಸ್ಟಿಕ್ ಕ್ಯಾಪ್ ಇತ್ತು, ಅಂಚಿಗೆ ಒಂಚೂರು ಕೋಡುಬಳೆ ಮೆತ್ತಿಕೊಂಡು. ಅಜ್ಜನ ಬಾಯಿ ನೋಡಿದೆ. ಇದ್ದ ಹಲ್ಲೆಲ್ಲಾ ನೆಟ್ಟಗಿದ್ದವು, ಇಲ್ಲದವು ಹೋಗಿ ಎಷ್ಟೋ ಕಾಲವಾಗಿತ್ತು.

"ಇದು ನಿಮ್ಮ ಹಲ್ಲಲ್ಲ ಅಜ್ಜಾರೇ."

"ನನ್ನ ಬಾಯಿಂದ ಬಂದಿದ್ದು ನಂದಲ್ದೆ ಇನ್ಯಾರದ್ದು ಮಾರಾಯ್ತಿ?" ಎಂದು ರೇಗಿದರು. "ನಿನ್ನೆ ಮೊಮ್ಮಗಳನ್ನ ನೋಡೋಕೆ ಬಂದಿದ್ರು. ಅವರ ಎದುರೇ ಕೋಡುಬಳೆ ತಿನ್ನುವಾಗ ಕಟಕ್ ಅಂತು. ಹಲ್ಲು ಮುರುಕ ಅಜ್ಜ ಅಂತ ಗೊತ್ತಾದ್ರೆ ಮರ್ಯಾದೆ ಏನುಳೀತು? ಕರವಸ್ತ್ರದಲ್ಲಿ ಮುಚ್ಚಿಟ್ಕೊಂಡು, ಅವರು ಹೋಗೋವರೆಗೂ ಬಾಯಿ ಬಿಡ್ಲಿಲ್ಲ."

"ಹುಡುಗ ಹೇಗೆ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಚಿನ್ನದಂಥ ಹುಡುಗ. ಅವನೂ ಬಾಯಿ ಬಿಡ್ಲಿಲ್ಲ. ಏನು ಕೇಳಿದ್ರೂ ತಲೆ ಆಡಿಸೋದು, ಹೂಂ ಅನ್ನೋದು. ಈಗಿನ ಕಾಲದಲ್ಲಿ ಅಂಥ ಗಂಭೀರ ಹುಡುಗ ಎಲ್ಲಿ ಸಿಗ್ತಾನೆ? ನಾವಿಬ್ರೂ ಅರ್ಧ ಗಂಟೆ ಎದುರುಬದುರು ಸುಮ್ನೆ ಕೂತಿದ್ವಿ. ಮೊಮ್ಮಗಳಿಗೂ ಇಷ್ಟ ಆಗಿದೆ. ಒಪ್ಪಿಗೆ ಅಂತ ಬೆಳಗ್ಗೇನೇ ಹೇಳಿಕಳಿಸಿದ್ವಿ."

ಅಷ್ಟರಲ್ಲಿ ಹೊರಗೆ ಬಾಗಿಲ ಸದ್ದಾಯಿತು. ಕರ್ಟನ್ ಸಂದಿಯಿಂದ ನೋಡಿದರೆ ಹುಡುಗ, ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಿಂತಿದ್ದ. ಅಜ್ಜನೂ ನೋಡಿದರು. ಮುಖ ಬಿಳಿಚಿತು. ತಟ್ಟನೆ ತಾವೂ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು.

"ನನ್ನ ಹಲ್ಲಿನ ವಿಷಯ ಇವನಿಗೆ ಗೊತ್ತಾಗಬಾರದು" ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಹೇಳಲ್ಲ" ಎಂದೆ. ರೋಗಿಯ ಗುಟ್ಟು ಕಾಯುವುದು ನನ್ನ ಧರ್ಮ. ಈ ಸಂಬಂಧದಲ್ಲಿ ಎರಡು ಕಡೆಯ ಗುಟ್ಟೂ ಒಂದೇ ಪೊಟ್ಟಣದಲ್ಲಿತ್ತು.

ಅಜ್ಜ ಹೊರಗೆ ಹೋದರು. ಹುಡುಗ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಇಬ್ಬರೂ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡೇ ಇನ್ನೊಂದು ಕೈಯಲ್ಲಿ ಒಬ್ಬರಿಗೊಬ್ಬರು ನಮಸ್ಕಾರ ಮಾಡಿಕೊಂಡರು. ಅಜ್ಜ ಬಾಗಿಲವರೆಗೂ ಹೋದವರು ಏನೋ ಯೋಚಿಸಿ ಮತ್ತೆ ನನ್ನ ಹತ್ತಿರ ವಾಪಸ್ ಬಂದರು. ಕಣ್ಣಲ್ಲಿ ಈಗ ಭಯವಿರಲಿಲ್ಲ, ಮಮತೆಯಿತ್ತು.

"ಪಾಪ, ಹುಡುಗನಿಗೂ ಹಲ್ಲಿನ ತೊಂದರೆ ಇದ್ದ ಹಾಗಿದೆ ಡಾಕ್ಟ್ರೇ. ಇನ್ಮೇಲೆ ಅವನು ನಮ್ಮವನೇ" ಎಂದು ಪಿಸುಗುಟ್ಟಿದರು. "ನನ್ನ ಆ ತುಂಡು ಹೇಗೂ ನನ್ನದಲ್ಲ ಅಂದ್ರಲ್ಲ. ಆಗೋ ಹಾಗಿದ್ರೆ ಅವನಿಗೇ ಹಾಕಿಬಿಡಿ."